ಒಂಬತ್ತನೇ ಮಹಡಿಗೆ ಹಸಿರು ಚೀಟಿ

ಮಾರ್ಚ್ 4

ಸರ್ವೆಯ ಮೂವತ್ತೊಂದು ಮನೆ ಮುಗಿಸಿದೆ. ಬಿಪಿ ಮಷೀನು ಹೊತ್ತು ಭುಜ ನೋವು. ಗಲ್ಲಿಯ ಎದುರು ಸಾಲು ಒಡೆದು ರಸ್ತೆ ಅಗಲ ಮಾಡಿದ ಮೇಲೆ ಲಾರಿ ಹೊಗೆಯೆಲ್ಲ ಉಳಿದ ನಮ್ಮ ಸಾಲಿನ ಪಾಲಿಗೆ. ಮಗಳಿಗೆ ಇವತ್ತೂ ಉಬ್ಬಸ. ಎದುರು ಸಾಲಿನ ಓರಗಿತ್ತಿಗೆ ಮಾತ್ರ ಒಡೆದ ಮನೆಗೆ ಬದಲು ಹೊಸ ಕಟ್ಟಡದಲ್ಲಿ ಫ್ಲ್ಯಾಟು, ಕೆಳಗೆ ಪಾರ್ಕು, ವಾಕಿಂಗ್ ಟ್ರ್ಯಾಕು. ಮನೆ ಒಡೆದ ದಿನ ಅವಳ ಜೊತೆ ನಾನೂ ಅತ್ತಿದ್ದೆ. ದಡ್ಡಿ ನಾನು.

ಮಾರ್ಚ್ 11

ಆರೋಗ್ಯ ಸರ್ವೆ ನಾಳೆ ಮುಗಿಯಬೇಕು. ಬಿಪಿ, ಶುಗರು, ಉಸಿರಾಟ ಕೆಟ್ಟಿದ್ದರೆ ಅವರವರ ಕಾರ್ಡಿಗೆ ಕೆಂಪು ಚೀಟಿ, ಇಲ್ಲವಾದರೆ ಹಸಿರು. ಕೆಂಪು ಹೆಚ್ಚಿದ್ದ ಕಡೆ ವಾರಕ್ಕೊಮ್ಮೆ ಡಾಕ್ಟರ ವ್ಯಾನು. ಇರುವುದು ಒಂದೇ ವ್ಯಾನು. ನಮ್ಮ ಗಲ್ಲಿಗೆ ಹದಿನೆಂಟು ಕೆಂಪು. ಅವಳ ಕಟ್ಟಡಕ್ಕೆ ಹದಿನೇಳು, ಅವಳೊಬ್ಬಳು ಬಾಕಿ. ಸಮ ಬಂದರೆ ಜನ ಹೆಚ್ಚಿರುವ ಕಟ್ಟಡಕ್ಕೇ ಅಂತೆ...

ಮಾರ್ಚ್ 12, ಮಧ್ಯಾಹ್ನ

ಲಿಫ್ಟ್ ಮತ್ತೆ ಕೆಟ್ಟಿತ್ತು. ಒಂಬತ್ತು ಮಹಡಿ ಹತ್ತಿದೆ. ಕಿಟಕಿಯಲ್ಲಿ ಗಾಳಿ ಅಂದರೆ ಗಾಳಿ. ನನ್ನ ಮಗಳಿಗೆ ಸಿಗಬೇಕಿತ್ತು ಇದು — ಹೊಟ್ಟೆ ಉರಿಯಿತು. ಅವಳದು ಬೇರೆಯೇ ಗೋಳು. ಕೆಳಗಿಳಿದು ಹದಿನೈದು ದಿನವಾಯಿತಂತೆ. ಪಕ್ಕದ ಮನೆಯಲ್ಲಿ ಯಾರಿದ್ದಾರೋ ಗೊತ್ತಿಲ್ಲವಂತೆ. ನಿದ್ದೆಯೇ ಇಲ್ಲವಂತೆ.

“ಗಲ್ಲೀಲಿ ಜಗಳ ಆಡೋಕಾದ್ರೂ ನೀನಿದ್ದೆ ಕಣೇ,” ಅಂದಳು.

ಹೊಟ್ಟೆ ತುಂಬಿದವರ ಗೋಳು ಅಂದುಕೊಂಡೆ.

ಬಿಪಿ 180/110. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದೆ. ಆಗಲೂ ಅಷ್ಟೇ.

“ಎಷ್ಟಿದೆ?”

“ಚೆನ್ನಾಗೇ ಇದೀಯ ಬಿಡಕ್ಕ.”

ಹಸಿರು ಅಂಟಿಸಿದೆ. ಎಲ್ಲ ಸಿಕ್ಕಿದೆಯಲ್ಲ, ವ್ಯಾನೂ ಅವಳಿಗೇ ಬೇಕಾ?

ಮಾರ್ಚ್ 20

ವ್ಯಾನು ನಮ್ಮ ಗಲ್ಲಿಗೇ ಬಂತು. ಮಗಳಿಗೆ ಇನ್‌ಹೇಲರ್ ಕೊಟ್ಟರು. ಸಂಜೆ ಮೆಟ್ಟಿಲ ಮೇಲೆ ಕೂತು ಹಾಡಿಕೊಂಡಳು. ಅಕ್ಕನಿಗೂ ಮಾತ್ರೆ ಕೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು... ಆ ಕಿಟಕಿ ನೆನಪಾಯಿತು. ಮುಂದಿನ ವಾರ ಹೇಳಿದರಾಯಿತು.

ಏಪ್ರಿಲ್ 9

ಆಸ್ಪತ್ರೆ. ನಿನ್ನೆ ಬೆಳಿಗ್ಗೆ ಅಕ್ಕ ಅಡುಗೆಮನೆಯಲ್ಲಿ ಕುಸಿದಳಂತೆ. ಸ್ಟ್ರೋಕ್. ಬಲಗೈ, ಬಲಗಾಲು ಆಡುತ್ತಿಲ್ಲ. ಮಾತಿಲ್ಲ. ಮೊದಲೇ ಬಿಪಿ ಇತ್ತಾ ಅಂತ ಡಾಕ್ಟರು ಕೇಳಿದರು. ಭಾವ ಹಸಿರು ಚೀಟಿಯ ಕಾರ್ಡು ಕೊಟ್ಟರು.

“ಇರಲಿಲ್ಲ ಡಾಕ್ಟ್ರೇ. ನಮ್ಮ ತಮ್ಮನ ಹೆಂಡ್ತೀನೇ ನೋಡಿದ್ದು. ಅವಳು ತಪ್ಪು ಬರೆಯೋಳಲ್ಲ.”

ಪಕ್ಕದಲ್ಲೇ ನಿಂತಿದ್ದೆ.

ಏಪ್ರಿಲ್ 10

ಹೇಳಿಬಿಡೋಣ ಅಂತಲೇ ಹೋದೆ. ಭಾವನೇ ಮೊದಲು ಮಾತೆತ್ತಿದರು. ಇವಳನ್ನು ಇನ್ನು ಅಷ್ಟು ಮೇಲೆ ಹತ್ತಿಸುವುದಕ್ಕಾಗದು, ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೀಯಾ, ವ್ಯಾನೂ ಅಲ್ಲೇ ಬರುತ್ತದಲ್ಲ ಅಂದರು. ಹೂಂ ಅಂದೆ. ಅವರು ಔಷಧಿ ತರಲು ಹೋದರು. ಅವಳು ನನ್ನನ್ನೇ ನೋಡುತ್ತಿದ್ದಳು. ಎಡಗೈ ಚಾಚಿದಳು. ಹಿಡಿದುಕೊಂಡೆ. “ಅಕ್ಕಾ, ಅವತ್ತು ನಾನು —”