ಹೊಕ್ಕುಳಬಳ್ಳಿಯ ರಕ್ತದಲ್ಲಿ

೧೨ ಆಗಸ್ಟ್ ೨೦೨೫, ಮಂಗಳವಾರ. ಶಹಾಪುರ

ಸುಂದ್ರಮ್ಮನ ಮುಖ ಕಣ್ಣಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಬಿ.ಎಸ್ಸಿ. ಹುಡುಗರಿಗೆ ಎಚ್‌ಐವಿಯ ಹಳೆಯ ಔಷಧಿ ಜಿಡೋವುಡಿನ್ ಬಗ್ಗೆ ಪಾಠ ಮಾಡಿದೆ. ಅದು ಡಿಎನ್‌ಎಯ ಒಂದು ಅಕ್ಷರದಂತೆಯೇ ಕಾಣುತ್ತದೆ. ವೈರಸ್ ಮೋಸಹೋಗಿ ಅದನ್ನೇ ಪೋಣಿಸಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಸ್ವಲ್ಪ ನಮ್ಮ ಸ್ವಂತ ಡಿಎನ್‌ಎಯೊಳಗೂ ಸೇರುತ್ತದೆ ಎಂದೆ. ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಆಯಾ ಸುಂದ್ರಮ್ಮ, ಹುಡುಗರು ಹೋದ ಮೇಲೆ ಒಳಗೆ ಬಂದಳು.

"ನಿಮ್ಮ ಹುಡುಗೂರು ಆಕಳಿಸಾಕತ್ತಿದ್ರು. ನನಗ ತಿಳೀತ್ ನೋಡ್ರಿ ಮೇಡಮ್ಮಾರ. ಬಸುರಿ ನುಂಗಿದ್ರ ಕೂಸಿಗೂ ಹೋಗ್ತೈತೇನ್ರಿ?"

ನನಗೆ ಖುಷಿಯಾಯಿತು. "ಹೌದವಾ, ಹೊಕ್ಕುಳಬಳ್ಳಿ ರಕ್ತದಾಗೂ ಸಿಕ್ಕೈತಿ, ಕೂಸಿನ ಡಿಎನ್‌ಎದಾಗ," ಎಂದೆ, ವಿದ್ಯಾರ್ಥಿಗೆ ಹೇಳಿದಂತೆ.

ಅವಳು ಗೋಡೆಗೆ ಆತು ನಿಂತಳು. "ನನ್ನ ಮಗಳು ಪಂಚಶೀಲಾ ಹೊಟ್ಟ್ಯಾಗಿದ್ದಾಗ ನಾ ಅದನ್ನ ನುಂಗೀನ್ರಿ."

ಹದಿನೈದು ವರ್ಷಗಳಿಂದ ಯಾದಗಿರಿಯ ಆಸ್ಪತ್ರೆಯಿಂದ ಎಚ್‌ಐವಿಯ ಗುಳಿಗೆ ತರುತ್ತಾಳಂತೆ. ಡಬ್ಬಿ ಸಪ್ಪಳ ಮಾಡಿ ಯಾರಿಗಾದರೂ ತಿಳಿದೀತೆಂದು ಅದನ್ನು ಅಲ್ಲೇ ಬಿಸಾಡಿ, ಗುಳಿಗೆಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು ಬಸ್ ಹತ್ತುತ್ತಾಳಂತೆ. ನನಗೆ ಗೊತ್ತೇ ಇರಲಿಲ್ಲ.

ಸೇರುವುದು ತೀರಾ ಅಲ್ಪ, ಆ ಗುಳಿಗೆಯಿಂದಲೇ ಮಗಳು ಸೋಂಕಿಲ್ಲದೆ ಹುಟ್ಟಿದ್ದು ಎಂದೆಲ್ಲ ಗಡಬಡಿಸಿ ಹೇಳಿದೆ.

"ಅದು ಗೊತ್ತೈತ್ರಿ. ದಿನಾ ಆಕಿ ತಲಿ ಹಿಕ್ಕೂಮುಂದ ಮನಸಿನಾಗ ಅಂತೀನ್ರಿ, ನಂದೇನೂ ನಿನಗ ಹತ್ತಿಲ್ಲವ್ವಾ ಅಂತ. ಇನ್ನ ಹೆಂಗ್ ಅನ್ಲಿ?"

ಪಾಠದಾಚೆ ಇಷ್ಟು ವರ್ಷ ಕವಿತೆ ಓದಿಕೊಂಡು ಬಂದೂ, ಮಾತು ಯಾರಿಗೆ ಎಲ್ಲಿ ತಾಗುತ್ತದೆಂದು ತಿಳಿಯದೆ ಹೋದೆ. ಹತ್ತಿದ್ದು ರೋಗವಲ್ಲ, ಅದನ್ನು ತಡೆದ ಗುಳಿಗೆ ಎಂದು ಈಗ ಹೊಳೆಯುತ್ತಿದೆ. ಅದೂ ಪಾಠದ ಮಾತೇ. ಬೆಳಗಾದರೆ ಅವಳು ಮತ್ತೆ ಮಗಳ ತಲೆ ಬಾಚಲು ಕೂರುತ್ತಾಳೆ, ಆಗ ಮನಸ್ಸಿನಲ್ಲಿ ಏನೆಂದುಕೊಳ್ಳುತ್ತಾಳೋ.