ಹನ್ನೆರಡನೇ ಕೋಣೆಯ ಗೋಡೆಯನ್ನು ಒಮ್ಮೆ ಬಿಚ್ಚಿ ನೋಡಿ

ಮಾನ್ಯ ಕಾರ್ಯನಿರ್ವಾಹಕ ಇಂಜಿನಿಯರ್ ಅವರೇ,

ಕ್ಷಮಿಸಿ. ಬಿ.ಎಸ್ಸಿ. ಮೊದಲ ವರ್ಷದ ಹುಡುಗಿ ನಿಮಗೆ, ಅದೂ ಪತ್ರಿಕೆಯಲ್ಲಿ, ಬರೆಯುವುದು ಅಧಿಕಪ್ರಸಂಗವೆಂದು ಗೊತ್ತು. ಆದರೆ ಬರುವ ಸೋಮವಾರ ನ್ಯಾಮತಿಯ ನಮ್ಮ ಹಾಸ್ಟೆಲ್ ಗೋಡೆಗೆ ಹೊಸ ಪೇಂಟ್ ಬಳಿಯುತ್ತಾರಂತೆ. ಒಳಗೆ ನೀರು ತುಂಬಿಕೊಂಡ ಗೋಡೆಗೆ ಪೇಂಟ್ ಬೇಡ ಸರ್. ಆ ಗೋಡೆಗೆ ಆತುಕೊಂಡ ಮಂಚದಲ್ಲಿ ನನ್ನ ಗೆಳತಿ ಸುಚಿತ್ರಾ ಉಸಿರಿಗಾಗಿ ಒದ್ದಾಡುತ್ತಿದ್ದಾಳೆ.

ಕೋಣೆಗಳು ತಂಪಾಗಿರಲೆಂದು ಹೊರಗೋಡೆಗೆ ಥರ್ಮಾಕೋಲ್ ಹಲಗೆ ಅಂಟಿಸಿ, ಜಾಲರಿ ಹೊದಿಸಿ, ಮೇಲೆ ಸಿಂಥೆಟಿಕ್ ಪ್ಲಾಸ್ಟರ್ ಹಚ್ಚಿಸಿದಿರಿ. ಒಳ್ಳೆಯದೇ. ಕಿಟಕಿಯಂಚಿನಿಂದ ನುಗ್ಗಿದ ಮಳೆನೀರು ಹೊರಹೋಗಲೆಂದು ಗೋಡೆಯ ಬುಡದಲ್ಲಿ ಸಾಲಾಗಿ ತೂತುಗಳಿದ್ದವು. ಆಗಸ್ಟಿನಲ್ಲಿ, ಉದ್ಘಾಟನೆಯ ಹಿಂದಿನ ದಿನ, ನೀವು ಬಂದು ನೋಡಿ, "ಇವೇನ್ರೀ, ಇರುವೆ ಸಾಕಾಕಾ? ಮುಚ್ಚಿಸ್ರಿ, ಫೋಟೋದಾಗೆ ಚೆಂದ ಕಾಣಲ್ಲ" ಅಂದಿರಿ. ವಾರ್ಡನ್ ಮೇಡಂ ನನ್ನ ಕೈಗೇ ಬಿಳಿ ಸಿಮೆಂಟು ಕೊಟ್ಟರು.

ಮೇಸ್ತ್ರಿ ಧರ್ಮಪ್ಪ ಓಡಿಬಂದರು. "ಬ್ಯಾಡವ್ವಾ! ಮನುಷ್ಯಾರಿಗೆ ಹೆಂಗೋ ಗೋಡೆಗೂ ಹಂಗೇ. ಕುಡಿದಿದ್ದನ್ನ ಹೊಯ್ಯಾಕೆ ಜಾಗ ಬೇಕು."

"ಸಾಹೇಬ್ರು ಹೇಳ್ಯಾರೆ" ಅಂದೆ.

"ಹಂಗಾರೆ ಸಾಹೇಬ್ರೇ ಒಂದಿನ ತಡ್ಕೊಂಡು ನೋಡ್ಲಿ!"

ನಕ್ಕೆವು. ನಗುತ್ತಲೇ ಹತ್ತೊಂಬತ್ತು ತೂತು ಮುಚ್ಚಿದೆ. ಐದನೇ ತರಗತಿಯಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. "ಯೆಸ್ ಸರ್" ಎನ್ನುವಷ್ಟು ಇಂಗ್ಲಿಷ್ ಬರುತ್ತದೆ, "ಯಾಕೆ ಸರ್" ಎನ್ನುವಷ್ಟು ಕನ್ನಡ ಬಾಯಿಗೆ ಬರಲಿಲ್ಲ.

ಮಳೆ ಹಿಡಿಯಿತು. ದಸರಾ ಹೊತ್ತಿಗೆ ನಾವು ನಾಲ್ವರಿರುವ ಹನ್ನೆರಡನೇ ಕೋಣೆಯ ಒಳಗಾರೆ ಉಬ್ಬಿ ಉದುರಿತು, ಕಪ್ಪು ಬೂಷ್ಟು ಹಬ್ಬಿತು. ಬಿಳಿಚೋಡಿನ ಒಣಹವೆಯಲ್ಲಿ ಕುರಿಗಳ ಜೊತೆ ಬೆಳೆದ ಸುಚಿತ್ರಾಗೆ ಎಂದೂ ಇಲ್ಲದ ಉಬ್ಬಸ ಶುರುವಾಯಿತು. ಆ ಕೋಣೆ ಬಿಡಿ ಎಂದರು ಡಾಕ್ಟರು; ಬೇರೆ ಕೋಣೆ ಖಾಲಿಯಿಲ್ಲ ಎಂದಿತು ಹಾಸ್ಟೆಲ್. ನಿಮ್ಮ ಕಚೇರಿಯ ವರದಿಯಂತೂ ಅಪೂರ್ವ: "ವಿದ್ಯಾರ್ಥಿನಿಯರು ಒಳಗೆ ಒದ್ದೆ ಬಟ್ಟೆ ಒಣಗಿಸುವುದೇ ತೇವಕ್ಕೆ ಕಾರಣ." ನಾಲ್ವರ ಬಟ್ಟೆಯಿಂದ ಇಷ್ಟು ನೀರು ಹೊರಡುವುದಾದರೆ, ಜಗಳೂರಿನ ಕೆರೆಗಳನ್ನು ತುಂಬಿಸಲು ನಮ್ಮನ್ನೇ ಕಳಿಸಬಹುದಲ್ಲ?

ಕಳೆದ ವಾರ ಕೈವಾರದ ಮೊನೆಯಿಂದ ಒಂದು ತೂತು ಕೆದಕಿದೆ. ಮಳೆ ನಿಂತು ಹನ್ನೊಂದು ದಿನವಾಗಿತ್ತು. ನಾರುವ ಕಂದು ನೀರು ನನ್ನ ಮೊಣಕೈವರೆಗೆ ಇಳಿಯಿತು. ಸರ್ಕಾರಿ ಆಸ್ತಿಗೆ ಹಾನಿ ಎಂದು ನೋಟಿಸ್ ಕೊಟ್ಟಿದ್ದಾರೆ. ಹತ್ತೊಂಬತ್ತು ಮುಚ್ಚಿದಾಗ ಯಾರೂ ಕೊಡಲಿಲ್ಲ.

ಸುಚಿತ್ರಾಳ ಅವ್ವ ಅಜ್ಜಮ್ಮ ಬಂದು ಮಗಳ ಎದೆಗೆ ಕಿವಿಯಿಟ್ಟು ಕೇಳಿದರು. "ಏನೇ ಇದು, ಕೊಳಲು ನುಂಗಿದಂಗೆ ಐತೆ! ಉಸ್ರು ಇದ್ರೆ ತಾನೇ ಓದು? ನಡಿ."

"ಇನ್ನೊಂದು ವಾರ ಬಿಡವ್ವಾ, ಇಂಜಿನಿಯರಿಗೆ ಬರೀತೀವಿ" ಅಂದಳು ಸುಚಿತ್ರಾ.

"ಭಾನುವಾರ ಬರ್ತೀನಿ. ಗಂಟು ಕಟ್ಟಿಟ್ಟಿರು."

ಒಮ್ಮೆ ಹೋದರೆ ಅವಳು ಮತ್ತೆ ಕಾಲೇಜಿಗೆ ಬರುವುದಿಲ್ಲ. ಆದ್ದರಿಂದ ಪೇಂಟ್ ನಿಲ್ಲಿಸಿ. ಮೊದಲು ಅವಳಿಗೆ ಒಣಗಿದ ಕೋಣೆ ಕೊಡಿಸಿ. ಕಿಟಕಿಯ ಕೆಳಗಿನ ಹಲಗೆ ಕೊಯ್ದು, ಧರ್ಮಪ್ಪನವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನೀವೇ ಒಳಗೆ ಕೈಯಿಟ್ಟು ನೋಡಿ. ಗೋಡೆ ಒಣಗಲಿ, ಕಿಟಕಿಯಂಚು ಭದ್ರವಾಗಲಿ, ತೂತುಗಳು ತೆರೆದೇ ಇರಲಿ. ತಪ್ಪು ಯಾರದೆಂದು ಬರೆಯಬೇಕಿದ್ದರೆ ನನ್ನ ಹೆಸರನ್ನೂ ಸೇರಿಸಿ.

ದಯವಿಟ್ಟು ಶನಿವಾರದೊಳಗೆ ಉತ್ತರ ಕೊಡಿ.

ಇಂತಿ,
ಹತ್ತೊಂಬತ್ತು ಮುಚ್ಚಿ, ಒಂದನ್ನಷ್ಟೇ ತೆರೆದ
ಶಾಂತಲಾ, ಕೋಣೆ ಹನ್ನೆರಡು