ಆರು ನಿಮಿಷದ ನಡಿಗೆ

ನೌಬಾದ, ಬೀದರ
22 ಜುಲೈ 2024

ಪ್ರೀತಿಯ ಮತ್ತಾಯ ಅವರಿಗೆ, ನಿಮ್ಮ ಹೆಪ್ಸಿಬಾಳ ವಂದನೆಗಳು.

ಹೆಸರು ಬರೆದಿದ್ದಕ್ಕೆ ನಗಬೇಡಿ. ಎದುರಿಗಿದ್ದರೆ ‘ರೀ’ ಎಂದೇ ಕರೆಯುತ್ತಿದ್ದೆ. ನಮ್ಮ ಸಂಶೋಧನೆಯ ಅಳತೆಗಳೆಲ್ಲ ಮುಗಿದವು. ಇನ್ನು ನಾನು ನಿಮ್ಮೊಡನೆ ಮಾತಾಡಬಹುದು.

ಲಕ್ವಾ ಹೊಡೆದ ನಲವತ್ತು ಮಂದಿಗೆ ಮತ್ತೆ ನಡೆಯಲು ಕಲಿಸಿದವಳು ನಾನು, ಅರ್ಧ ಮಂದಿಗೆ ನಮ್ಮ ಫಿಸಿಯೋಥೆರಪಿ ಕಾಲೇಜಿನ ಕೋಣೆಯಲ್ಲಿ, ಇನ್ನರ್ಧ ಮಂದಿಗೆ ಅವರವರ ಮನೆಯ ಅಂಗಳದಲ್ಲಿ. ಯಾರು ಎಲ್ಲಿ ಕಲಿತರೆಂದು ತಿಳಿಯದೆ, ಭಾಲ್ಕಿ ಆಸ್ಪತ್ರೆಯ ವರಾಂಡದಲ್ಲಿ ಅವರನ್ನು ಆರು ನಿಮಿಷ ನಡೆಸಿ ದೂರ ಅಳೆದವರು ನೀವು. ಎಲ್ಲ ಮುಗಿಯುವವರೆಗೆ ನಾವಿಬ್ಬರೂ ರೋಗಿಗಳ ವಿಷಯ ಮಾತಾಡಕೂಡದೆಂಬುದು ನಿಯಮ. ರೋಗಿಗಳ ವಿಷಯ ಮಾತ್ರ. ಅದನ್ನು ಎಳೆದು ‘ಊಟವಾಯಿತೇ’ ಎಂದು ಕೇಳುವುದಕ್ಕೂ ಹೊದಿಸಿದವಳು ನಾನು. ಕಾಲೇಜಿನಲ್ಲಿ ನನ್ನ ಶಿಸ್ತನ್ನು ಹೊಗಳಿದರು, ನಾನೂ ಹೊಗಳಿಸಿಕೊಂಡೆ.

ಮಾವನವರು ಬಿದ್ದ ಬೆಳಿಗ್ಗೆಯ ಮಾತನ್ನು ನಾವು ಒಮ್ಮೆಯೂ ಆಡಲಿಲ್ಲ. ಲಕ್ವಾ ಹೊಡೆದಿದ್ದ ಅವರನ್ನು ನೀವು ತೋಳು ಹಿಡಿದು ನಡೆಸುತ್ತಿದ್ದಿರಿ. ಹೀಗೆ ಹಿಡಿದರೆ ಅವರು ಯಾವಾಗ ಕಲಿಯುವುದು, ಬಿಡಿ ಎಂದು ನಾನು ಗದರಿದೆ. ನೀವು ಬಿಟ್ಟಿರಿ. ಸೊಂಟದ ಮೂಳೆ ಮುರಿದು ಮೂರು ತಿಂಗಳು ಮಲಗಿದಲ್ಲೇ ಇದ್ದು ಹೋದರು. ನೀವು ನನ್ನನ್ನು ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಂದು ಮಾತೂ ಆಡದೆ ಭಾಲ್ಕಿಯ ಕೆಲಸ ಒಪ್ಪಿಕೊಂಡು ಅಲ್ಲಿಯ ನಿಮ್ಮ ಅಕ್ಕನ ಮನೆಗೆ ಹೋದಿರಿ. ಅವಸರ ಮಾಡಿದವಳು ನಾನು. ತಪ್ಪು ನನ್ನದು ಎಂದು ಈಗ ಬರೆಯುತ್ತಿದ್ದೇನೆ, ತಡವಾಯಿತು.

ಈಗ ಸಂತಪುರದ ಸುಭದ್ರಾಬಾಯಿಯ ಸಂಗತಿ. ನೆನಪಿದೆಯಲ್ಲ, ಎಡಗಾಲು ಎಳೆಯುವವರು, ಅಳತೆಗೆ ಬರುವಾಗಲೂ ಹುಣಸೆಹಣ್ಣಿನ ಗಂಟು ತರುವವರು. ಭಾಲ್ಕಿಯ ಸರ್ ಮುಂದೆ ನನ್ನ ಸುದ್ದಿ ತೆಗೆಯಬೇಡಿ ಎಂದು ಮೊದಲ ದಿನವೇ ಹೇಳಿದ್ದೆ. ಆಯಮ್ಮ ಅದನ್ನು ಸಂಶೋಧನೆಯ ನಿಯಮವೆಂದು ನಂಬಲೇ ಇಲ್ಲ. ಗಂಡ ಹೆಂಡತಿಯ ಸಿಟ್ಟೆಂದು ತಿಳಿದುಕೊಂಡರು. ಅಂದಿನಿಂದ ಭಾಲ್ಕಿಗೆ ಹೋಗಿ ಬಂದಾಗಲೆಲ್ಲ, ನಾನು ಕೇಳದಿದ್ದರೂ, ನಿಮ್ಮ ಸುದ್ದಿ ತಂದು ಹಾಕುತ್ತಿದ್ದರು. ಸರ್ ಗಡ್ಡಾ ಬಿಟ್ಟಾರ. ಸರ್ ಕೆಮ್ಮಲಿಕತ್ತಾರ. ಸರ್ ಅಂಗಿ ಗುಂಡಿ ಕಿತ್ತದ. ಬೇಡವೆನ್ನುತ್ತ ನಾನು ಅವರ ಕಾಲನ್ನು ಹತ್ತು ಸಲ ಹೆಚ್ಚಿಗೆ ಮಡಿಸಿ ಕೂರಿಸಿಕೊಳ್ಳುತ್ತಿದ್ದೆ.

ಮೂರನೆಯ ತಿಂಗಳಲ್ಲಿ ಅವರು ಇನ್ನೂರ ಹತ್ತು ಮೀಟರು ನಡೆದಿದ್ದರು. ಕೊನೆಯ ಅಳತೆಯಲ್ಲಿ ನೀವು ಬರೆದದ್ದು ನೂರ ನಲವತ್ತು. ಮತ್ತೆ ಲಕ್ವಾ ಹೊಡೆಯಿತೇನೋ ಎಂದು ಸಂತಪುರಕ್ಕೆ ಓಡಿದೆ. ಆಯಮ್ಮ ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಸರಸರ ಬರುತ್ತಿದ್ದರು. ಭಾಲ್ಕಿಯಲ್ಲಿ ಯಾಕೆ ಹಾಗೆ ನಡೆದಿರಿ ಎಂದು ಸಿಟ್ಟಿನಿಂದಲೇ ಕೇಳಿದೆ. ಹೊರೆ ಇಳಿಸಿ, ತಣ್ಣಗೆ ಹೇಳಿದರು: ‘ನಾ ಚಲೋ ನಡದ್ರ ನಿಮ್ಮ ಅಳತಿ ಮುಗೀತದರಿ ಮೇಡಂ. ಮುಗದ್ರ ಸರ್ ಸುದ್ದಿ ನಿಮಗ ಯಾರ್ ತಂದು ಹೇಳ್ತಾರ್ರಿ?’

ಹದಿನೆಂಟು ವರ್ಷ ಪಾಠ ಮಾಡಿದವಳು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅತ್ತುಬಿಟ್ಟೆ. ಆಯಮ್ಮ ನೀರು ಕೊಟ್ಟರು.

ದಾಖಲಾದ ಅಳತೆಯನ್ನು ತಿದ್ದುವಂತಿಲ್ಲ. ನೂರ ನಲವತ್ತು ಹಾಗೆಯೇ ಇರುತ್ತದೆ. ಕೆಳಗೆ ಕಾರಣ ಏನೆಂದು ಬರೆಯಲಿ, ಅಳೆದವರು ನೀವೇ ಹೇಳಿ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಾನು ಸಂತಪುರಕ್ಕೆ ಹೋಗುತ್ತೇನೆ. ಔರಾದದ ಮೇಲಿಂದ ನೀವೂ ಬನ್ನಿ. ಸುಭದ್ರಾಬಾಯಿ ನಮ್ಮಿಬ್ಬರ ಎದುರು ನಡೆದು ತೋರಿಸುತ್ತಾರಂತೆ. ಗಡಿಯಾರ ತರಬೇಡಿ. ಸಂಜೆ ಅಲ್ಲಿಂದ ಬೀದರಕ್ಕೆ ಬಸ್ಸಿದೆ. ನಿಮ್ಮನ್ನು ಕಾಣಬೇಕೆನಿಸಿದೆ, ಇದಕ್ಕಿಂತ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ.

ದಾರಿ ನೋಡುತ್ತಿರುವ
ನಿಮ್ಮ ಹೆಪ್ಸಿ

ಮರೆಮಾಚಿದ್ದೊಂದು: ಅಳತೆಗಳು ಮುಗಿದವೆಂದು ಮೇಲೆ ಬರೆದೆನಲ್ಲ, ಅವು ಮುಗಿದು ಏಳು ವಾರವಾದದ್ದು ನಿಮಗೂ ಗೊತ್ತು. ನಿಯಮ ಮುಗಿಯಿತು, ಇನ್ನು ಮಾತಾಡಬಹುದು ಎಂದು ನಿಮಗೆ ತಿಳಿಸಬೇಕಾದ ಕಾಲೇಜಿನ ಕಾಗದ ಅಂದಿನಿಂದ ನನ್ನ ಮೇಜಿನ ಖಾನೆಯಲ್ಲೇ ಇದೆ. ನಿಯಮ ಇರುವವರೆಗೆ, ನೀವು ಮಾತಾಡದಿರುವುದು ನಿಯಮದಿಂದ ಎಂದು ನಂಬಿಕೊಳ್ಳಬಹುದಿತ್ತು. ಆ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ.